ಸಕ್ಕರೆ ಕಾಯಿಲೆಯೂ ದುಡಿಯುವವನ ಮೂತ್ರಪಿಂಡವೂ

ಸಕ್ಕರೆ ಕಾಯಿಲೆ ಶ್ರೀಮಂತರ ಕಾಯಿಲೆಯೆಂಬ ಮಾತು ನಮ್ಮ ಪೇಟೆಯಲ್ಲಿ ಇನ್ನೂ ಚಲಾವಣೆಯಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಈ ರೋಗವಿದೆ. ಇಷ್ಟೊಂದು ಶ್ರೀಮಂತರು ಈ ದೇಶದಲ್ಲಿ ಎಲ್ಲಿದ್ದಾರೆ?

ಈ ರೋಗ ಮೂತ್ರಪಿಂಡಕ್ಕೆ ಕೈಹಾಕುವ ಬಗೆ ಕಳ್ಳನದು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ರಕ್ತ ಸೋಸುವ ಸೂಕ್ಷ್ಮ ನಾಳಗಳು ಕೆಡುತ್ತವೆ. ಮೈಯಲ್ಲಿ ಉಳಿಯಬೇಕಾದ ಆಲ್ಬುಮಿನ್ ಮೂತ್ರದಲ್ಲಿ ಸೋರಿಹೋಗುತ್ತದೆ. ನೋವಿಲ್ಲ, ಜ್ವರವಿಲ್ಲ. ಕಾಲು ಮುಖ ಬಾತುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಎಷ್ಟೋ ಜನರಿಗೆ ಕಾಲ ಮಿಂಚಿರುತ್ತದೆ. ರೋಗ ಹಳೆಯದಾದಷ್ಟೂ ಅಪಾಯ ಹೆಚ್ಚು. ರಕ್ತದೊತ್ತಡ, ಬೀಡಿ ಸಿಗರೇಟು, ಬೊಜ್ಜು, ಮನೆತನದಲ್ಲಿ ಮೂತ್ರಪಿಂಡದ ರೋಗ, ಇವು ಕೂಡಿದರೆ ಇನ್ನೂ ಹೆಚ್ಚು.

ವೈದ್ಯರ ಈ ಪಟ್ಟಿ ಸರಿಯೇ. ಆದರೆ ಎಲ್ಲ ತಪ್ಪನ್ನೂ ರೋಗಿಯ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದನ್ನು ನಾವು ಒಪ್ಪೆವು. ಯಂತ್ರದ ಮುಂದೆ ಎಂಟು ತಾಸು ನಿಂತವನು ಸೊಂಟನೋವಿಗೆ ಔಷಧದ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾನೆ. ಮಲಗಿದರೆ ಆ ದಿನದ ಕೂಲಿ ಹೋಯಿತು. ಮೊದಲೇ ಬಳಲಿದ ಮೂತ್ರಪಿಂಡಕ್ಕೆ ದಿನವೂ ನುಂಗುವ ಇಂಥ ನೋವಿನ ಮಾತ್ರೆ ವಿಷಪ್ರಾಯ. ಸೆಕೆಯಲ್ಲಿ ನೀರಿಲ್ಲದೆ ಒಣಗಿದ ಮೈಗಂತೂ ಕೇಳುವುದೇ ಬೇಡ. 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಬೇಸಿಗೆಯಲ್ಲಿ ತಂಪು ನೀರು ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ನೀರಿಟ್ಟರಾಯಿತೆ? ಮೂತ್ರಕ್ಕೆ ಹೋಗಲು ಮೇಸ್ತ್ರಿಯ ಮುಖ ನೋಡಬೇಕಾದ ಕಡೆ ಹೆಂಗಸರು ನೀರನ್ನೇ ಮುಟ್ಟುವುದಿಲ್ಲ.

ಕಾರ್ಮಿಕನಿಗೆ ಇ.ಎಸ್.ಐ. ಆದರೂ ಉಂಟು; ಸಣ್ಣ ಅಂಗಡಿಯವನಿಗೆ ಅದೂ ಇಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವವನು ರಕ್ತ ಪರೀಕ್ಷೆಗೆ ಹೋಗುವುದು ಯಾವಾಗ?

ಬೇಕಾದದ್ದು ದೊಡ್ಡದೇನಲ್ಲ. ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಬೇಕು. ಬೇಗ ತಿಳಿದರೆ ಮದ್ದುಂಟು. ಒತ್ತಡದ ಮಾತ್ರೆಯಾದ ಲೊಸಾರ್ಟಾನ್ ಈ ಕೇಡಿನ ವೇಗ ತಗ್ಗಿಸುವುದೆಂದು 2001ರಲ್ಲೇ ರುಜುವಾತಾಯಿತು. ಡಾಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಯ ಪೇಟೆಂಟ್ 2020ರಲ್ಲಿ ಮುಗಿದ ಮೇಲಷ್ಟೇ ದೇಶೀ ಕಂಪನಿಗಳ ಅಗ್ಗದ ಮಾಲು ಬಂತು. ಏಕಸ್ವಾಮ್ಯವೆಂದರೆ ಇದೇ.

ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಯೋಜನೆಯನ್ನು ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ್ದು ಸ್ವಾಗತಾರ್ಹವೇ. ಆದರೂ ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು ಆ ಯಂತ್ರಕ್ಕೆ ಮೈಯೊಡ್ಡುವವನನ್ನು ಯಾವ ಮಿಲ್ಲು ಪಾಳಿಯಲ್ಲಿ ಇಟ್ಟುಕೊಂಡೀತು?

ಇ.ಎಸ್.ಐ. ಔಷಧಾಲಯಗಳಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಕ್ಕರೆ ಕಾಯಿಲೆಯ ಪ್ರತಿಯೊಬ್ಬರಿಗೂ ಈ ಎರಡು ಪರೀಕ್ಷೆಗಳು ಪುಕ್ಕಟೆಯಾಗಿ ಆಗಲೇಬೇಕು. ಆ ದಿನ ಕಾರ್ಮಿಕನಿಗೆ ಸಂಬಳ ಸಹಿತ ರಜೆ ಸಿಗಬೇಕು. ಪೇಟೆಯವರಿಗಾಗಿ ಸಂತೆ ಇಲ್ಲದ ದಿನ ಶಿಬಿರ ನಡೆಯಬೇಕು. ಮಿಲ್ಲಿನ ಯೂನಿಯನ್ನುಗಳು ಮುಂದಿನ ಬೇಡಿಕೆಗಳ ಪಟ್ಟಿಯಲ್ಲಿ ಬೋನಸ್ಸಿನ ಪಕ್ಕದಲ್ಲೇ ಇದನ್ನೂ ಬರೆಯಲಿ.