ಕಸ್ಟರ್ಡ್ ಪುಡಿಯ ಮೇಲೆ ನಡೆದ ಕರಡಿ

ಟಿ.ವಿ.ಯಲ್ಲಿ ಹಿಮಕರಡಿ ಹೆಜ್ಜೆ ಹಾಕುವಾಗ ಕರ್‌ಕರ್ ಎಂದು ಹಿಮ ತುಳಿದ ಸದ್ದು ಕೇಳುತ್ತದಲ್ಲ, ಎಷ್ಟೋ ಸಲ ಅದು ಹಿಮದ್ದಲ್ಲ. ನೈಲಾನ್ ಕಾಲುಚೀಲಕ್ಕೆ ಕಸ್ಟರ್ಡ್ ಪುಡಿ ತುಂಬಿಕೊಂಡು ಸ್ಟುಡಿಯೋದಲ್ಲಿ ಕೂತವರು ಹಿಚುಕಿದ ಸದ್ದು. ದೂರದಿಂದ ಉದ್ದನೆಯ ಲೆನ್ಸಿನಲ್ಲಿ ಹಿಡಿದ ಕರಡಿಯ ಕಾಲ ಬಳಿ ಮೈಕ್ ಇಟ್ಟು ಬರುವ ಗಂಡು ಯಾರಿದ್ದಾನೆ? ಈ ಗುಟ್ಟು ತಿಳಿದಾಗ ಮೋಸಹೋದೆ ಅನ್ನಿಸಲಿಲ್ಲ, ನಗು ಬಂತು. ಒಗ್ಗರಣೆ ಹಾಕಿದ ಮಾತ್ರಕ್ಕೆ ಸಾರು ಸುಳ್ಳಾಗುವುದಿಲ್ಲ.

2011ರಲ್ಲಿ ಬಿಬಿಸಿಯ 'ಫ್ರೋಜನ್ ಪ್ಲಾನೆಟ್' ಸರಣಿ ತೋರಿಸಿದ ಎಳೆಯ ಹಿಮಕರಡಿ ಮರಿಗಳು ಯುರೋಪಿನ ಮೃಗಾಲಯವೊಂದರವು ಎಂದು ಗೊತ್ತಾಗಿ ಬ್ರಿಟನ್ನಿನ ಪತ್ರಿಕೆಗಳು ಗುಲ್ಲೆಬ್ಬಿಸಿದವು. ಕಾಡುಕರಡಿಯ ಗುಹೆಗೆ ಕ್ಯಾಮೆರಾ ತೂರಿಸಿದರೆ ತಾಯಿ ಮರಿಯನ್ನೋ ಕ್ಯಾಮೆರಾದವನನ್ನೋ ಕೊಂದೀತು ಎಂದರು ಡೇವಿಡ್ ಅಟೆನ್‌ಬರೋ. ಮಾತು ಸರಿಯೇ. ಆದರೆ ಬಿಬಿಸಿ ತನ್ನ ಜಾಲತಾಣದಲ್ಲಿ ಹೇಳಿದ ನಿಜವನ್ನು ತೆರೆಯ ಮೇಲೆ ಹೇಳದೆ ಬಿಟ್ಟದ್ದು ಬರೀ ಜಾಣತನ.

ಇಷ್ಟನ್ನು ಒಪ್ಪಿಕೊಂಡರೂ ಪ್ರಾಣಿಗೂ ಮನುಷ್ಯನಿಗೂ 'ಮುಖಾಮುಖಿ' ಏರ್ಪಡಿಸುವ ರಿಯಾಲಿಟಿ ಶೋಗಳ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. 2020ರಲ್ಲಿ ರಜನಿಕಾಂತ್ ಜೊತೆ ಬಂಡೀಪುರದಲ್ಲಿ ಓಡಾಡಿ ಹೋದ ಬೇರ್ ಗ್ರಿಲ್ಸ್ ನಮಗೆಲ್ಲ ಪರಿಚಿತರು. ಅವರ ಸಾಹಸ ಕಾರ್ಯಕ್ರಮದ ಹಳೆಯ ಸಂಚಿಕೆಯೊಂದರ 'ಕಾಡುಕುದುರೆ'ಗಳು ಪ್ರವಾಸಿಗರನ್ನು ಹೊರುವ ಸಾಕುಕುದುರೆಗಳೆಂದು 2007ರಲ್ಲಿ ಬಯಲಾಯಿತು. ಕೆಲವು ಸನ್ನಿವೇಶಗಳು ಏರ್ಪಡಿಸಿದವು ಎಂಬ ಸೂಚನೆ ಆಮೇಲೆ ಕಾರ್ಯಕ್ರಮಕ್ಕೆ ಅಂಟಿಕೊಂಡಿತು. ಕುದುರೆಗಳಿಗೇನೂ ನಷ್ಟವಿಲ್ಲ, ಹೋಗಲಿ ಬಿಡಿ.

ಅನಿಮಲ್ ಪ್ಲಾನೆಟ್ ವಾಹಿನಿಯ 'ಕಾಲ್ ಆಫ್ ದ ವೈಲ್ಡ್‌ಮ್ಯಾನ್' ಕಥೆ ಬೇರೆ. ಮನೆ, ಅಂಗಡಿಗಳಿಗೆ ನುಗ್ಗಿದ ಪ್ರಾಣಿಗಳನ್ನು ಅಮೆರಿಕದ ಕೆಂಟಕಿಯ 'ಟರ್ಟಲ್‌ಮ್ಯಾನ್' ಬರಿಗೈಯಲ್ಲಿ ಹಿಡಿದು ಕಾಪಾಡುವುದು ಅದರ ತಿರುಳು. 2014ರ ಜನವರಿಯಲ್ಲಿ 'ಮದರ್ ಜೋನ್ಸ್' ಪತ್ರಿಕೆಯ ತನಿಖಾ ವರದಿ ಹೇಳಿದ್ದೇನು? ಪ್ರಾಣಿಗಳನ್ನು ಬೇರೆಡೆಯಿಂದ ತಂದು ಬಿಡುತ್ತಿದ್ದರು, ಚಿತ್ರೀಕರಣಕ್ಕೆ ತಂದ ಜೀಬ್ರಾ ಒಂದಕ್ಕೆ ಮಂಪರಿನ ಮದ್ದು ಕೊಟ್ಟಿದ್ದರು. ತಾನೇ ಬಾವಿಗೆ ತಳ್ಳಿ ತಾನೇ ಹಗ್ಗ ಇಳಿಬಿಡುವ ಪುಣ್ಯಕಾರ್ಯ! ಅದೇ ವರ್ಷ ಕಾರ್ಯಕ್ರಮ ನಿಂತಿತು.

ಕಾಡಿನ ಪ್ರಾಣಿಗೆ ನಮ್ಮ ಮುಖ ನೋಡುವ ಆಸೆಯಿಲ್ಲ. ನಾವು ಹೋಗುವಷ್ಟರಲ್ಲಿ ಹುಲಿ ಸರಿದಿರುತ್ತದೆ. ನಮಗೆ ಸಿಗುವುದು ಧೂಳಿನಲ್ಲಿ ಹೆಜ್ಜೆಗುರುತು, ದೂರದಲ್ಲೊಂದು ಕಡವೆಯ ಕೂಗು. ನಮ್ಮ ವನ್ಯಜೀವಿ ಚಿತ್ರಕಾರರಾದ ಕೃಪಾಕರ–ಸೇನಾನಿ ಕೆನ್ನಾಯಿಗಳ ಜಾಡು ಹಿಡಿದು ವರ್ಷಗಟ್ಟಲೆ ಅಲೆದದ್ದು ಇದಕ್ಕೇ. ಅವರ 'ದ ಪ್ಯಾಕ್' 2010ರಲ್ಲಿ 'ಗ್ರೀನ್ ಆಸ್ಕರ್' ಎನ್ನಿಸಿಕೊಳ್ಳುವ ಪ್ರಶಸ್ತಿ ಪಡೆಯಿತು. ಆ ತಾಳ್ಮೆ ವಾರಕ್ಕೊಂದು ಸಂಚಿಕೆಯ ಲೆಕ್ಕಕ್ಕೆ ಒಗ್ಗುವಂಥದ್ದಲ್ಲ. ವಾರಕ್ಕೊಂದು ಹೆಬ್ಬಾವು ಬೇಕೇಬೇಕೆಂದರೆ ಚೀಲದಲ್ಲಿ ತರಬೇಕಾಗುತ್ತದೆ. ಅದನ್ನೇ ನೋಡಿ ಬೆಳೆದ ನಾವು ಸಫಾರಿ ಜೀಪಿನಿಂದ ಇಳಿಯುತ್ತಾ, ನೂರು ಜಿಂಕೆ ಕಂಡ ಮೇಲೂ, "ಏನೂ ಕಾಣಲಿಲ್ಲ, ದುಡ್ಡು ದಂಡ" ಎನ್ನುತ್ತೇವೆ.

ಪ್ರಾಣಿಗಳನ್ನು ತಂದು ನಾಟಕವಾಡಿಸುವ ಚಾಳಿಯನ್ನು ರಿಯಾಲಿಟಿ ಶೋಗಳೇ ಹುಟ್ಟುಹಾಕಿದವು ಎನ್ನುವಂತಿಲ್ಲ. ಡಿಸ್ನಿಯ 1958ರ 'ವೈಟ್ ವೈಲ್ಡರ್ನೆಸ್' ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಹಿಂಡುಹಿಂಡಾಗಿ ಸಮುದ್ರಕ್ಕೆ ಹಾರುತ್ತವೆ. ಅದರ ಹೂರಣವನ್ನು ಕೆನಡಾದ ಸಿಬಿಸಿ ವಾಹಿನಿ ಕಾಲು ಶತಮಾನದ ಬಳಿಕ ಹೊರಗೆಳೆಯಿತು. ಚಿತ್ರೀಕರಣ ನಡೆದ ಆಲ್ಬರ್ಟಾ ಪ್ರಾಂತ್ಯಕ್ಕೆ ಸಮುದ್ರವೇ ಇಲ್ಲ. ಲೆಮ್ಮಿಂಗ್‌ಗಳನ್ನು ಮ್ಯಾನಿಟೋಬಾದ ಇನ್ಯುಯಿಟ್ ಮಕ್ಕಳಿಂದ ಕೊಂಡು ತಂದಿದ್ದರು. ಹಿಮ ಹರಡಿದ ತಿರುಗುಮಣೆಯ ಮೇಲೆ ಅವನ್ನು ಓಡಿಸಿ, ಬೇರೆ ಬೇರೆ ಕೋನಗಳಿಂದ ಚಿತ್ರ ತೆಗೆದು, ಇದ್ದ ಕೆಲವನ್ನೇ ಮಹಾವಲಸೆಯಾಗಿ ಕಾಣಿಸಿದರು. ಆಮೇಲೆ ದಡದ ಮೇಲಿಂದ ನದಿಗೆ ತಳ್ಳಿದರು. ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆಂದು ಜಗತ್ತು ನಂಬಿತು.

ಆ ಚಿತ್ರಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಬಂತು. ಯಾರೂ ಅದನ್ನು ವಾಪಸ್ ಕೇಳಿಲ್ಲ.