ಪರದೆ ಎಳೆಯಲು ಎಷ್ಟು ಹೊತ್ತು ಬೇಕು?

ಕೆಲವು ವರ್ಷಗಳ ಹಿಂದಿನ ಮಾತು. ದೊಡ್ಡಬಳ್ಳಾಪುರದಲ್ಲಿರುವ ನನ್ನ ಖಾಲಾರನ್ನು ಎದೆನೋವಿನ ಕಾರಣ ಬೆಂಗಳೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದಿದ್ದೆವು. ಇಸಿಜಿ ತೆಗೆಯಲು ಬಂದ ಯುವಕನು ಹತ್ತಾರು ಮಂದಿ ಓಡಾಡುತ್ತಿದ್ದ ಅದೇ ಜಾಗದಲ್ಲಿ ಬುರ್ಖಾ ತೆಗೆದು ಬಟ್ಟೆ ಸರಿಸುವಂತೆ ಹೇಳಿದನು. ಪರದೆ ಎಳೆಯಿರಿ, ಸಾಧ್ಯವಾದರೆ ಒಬ್ಬ ನರ್ಸನ್ನು ಕರೆಯಿರಿ ಎಂದು ಅವರ ಮಗಳು ವಿನಂತಿಸಿದಾಗ, "ನಿಮ್ಮವರದ್ದು ಯಾವಾಗಲೂ ಇದೇ ರಗಳೆ" ಎಂಬ ಉತ್ತರ ಬಂತು. ಆಗ ಪಕ್ಕದ ಹಾಸಿಗೆಯಲ್ಲಿದ್ದ ಗಂಡನ ಆರೈಕೆಗೆ ಬಂದಿದ್ದ ಹೆಂಗಸೊಬ್ಬರು ಎದ್ದು, ತಮ್ಮ ಹೊದಿಕೆಯನ್ನು ಎರಡೂ ಕೈಗಳಿಂದ ಅಗಲವಾಗಿ ಹಿಡಿದು ಮರೆಯಾಗಿ ನಿಂತರು. ಅವರು ನಮ್ಮ ತಾಲೂಕಿನವರೇ, ಘಾಟಿ ಸುಬ್ರಹ್ಮಣ್ಯದ ಕಡೆಯ ರೈತ ಕುಟುಂಬದವರು. "ಯಾವ ಹೆಂಗಸಿಗಾದ್ರೂ ಮಾನ ಒಂದೇ ಅಲ್ವೇನಮ್ಮಾ" ಎಂದಷ್ಟೇ ಹೇಳಿದರು.

ಖಾಲಾ ಗುಣಮುಖರಾದರು. ಆದರೆ ಮರುತಪಾಸಣೆಗೆ ಕರೆದಾಗ ಬರಲೊಪ್ಪಲಿಲ್ಲ. ತಿಂಗಳುಗಟ್ಟಲೆ ಮಾತ್ರೆಗಳನ್ನು ತಮಗೆ ತೋಚಿದಂತೆ ನುಂಗಿದರು. ರೋಗಿಯ ಗೌರವವು ಚಿಕಿತ್ಸೆಯ ಮೇಲೆ ಹಚ್ಚುವ ಬಣ್ಣವಲ್ಲ, ಅದು ಚಿಕಿತ್ಸೆಯದೇ ಅಂಗ ಎಂಬುದು ಅಂದು ನನಗೆ ಮನವರಿಕೆಯಾಯಿತು. ಅವಮಾನಿತರಾದವರು ಆಸ್ಪತ್ರೆಯ ಮೆಟ್ಟಿಲನ್ನು ಮತ್ತೆ ಹತ್ತುವುದಿಲ್ಲ.

ಇದು ಒಂದು ಮನೆಯ ದೂರು ಮಾತ್ರವೇ? 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು, ಬುರ್ಖಾಧಾರಿ ಮಹಿಳೆಯರು ಮಾರುಕಟ್ಟೆ, ಆಸ್ಪತ್ರೆ, ಶಾಲೆಗಳಲ್ಲಿ ತಮ್ಮೊಡನೆ ಅಸಭ್ಯವಾಗಿ ವರ್ತಿಸಲಾಗುತ್ತಿದೆ ಎಂದು ಹೇಳಿಕೊಂಡದ್ದನ್ನು ದಾಖಲಿಸಿದೆ. ವರದಿಯ ಶಿಕ್ಷಣ ಮತ್ತು ಉದ್ಯೋಗದ ಅಂಕಿಗಳನ್ನು ನಾವು ವೇದಿಕೆಗಳಲ್ಲಿ ಎಷ್ಟೋ ಸಲ ಉಲ್ಲೇಖಿಸಿದ್ದೇವೆ. ಈ ಒಂದು ಸಾಲನ್ನು ಮಾತ್ರ ಮರೆತುಬಿಟ್ಟಿದ್ದೇವೆ.

ನಾವು ಕೇಳುತ್ತಿರುವುದು ವಿಶೇಷ ರಿಯಾಯಿತಿಯನ್ನಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದನ್ನು ಸಿದ್ಧಪಡಿಸಿತು. ಅದನ್ನು ಅಳವಡಿಸಿಕೊಳ್ಳುವಂತೆ ಕೇಂದ್ರ ಆರೋಗ್ಯ ಸಚಿವಾಲಯವು 2019ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಧರ್ಮ, ಜಾತಿ, ಲಿಂಗಗಳ ಆಧಾರದ ತಾರತಮ್ಯವಿಲ್ಲದ ಚಿಕಿತ್ಸೆ, ಖಾಸಗಿತನ ಮತ್ತು ಘನತೆ ರೋಗಿಯ ಹಕ್ಕೆಂದು ಅದು ಸಾರುತ್ತದೆ. ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆಯ ಉಪಸ್ಥಿತಿಯನ್ನೂ ಅದು ಒಪ್ಪಿದೆ. ಪರದೆ ಎಳೆಯಲು ಅರ್ಧ ನಿಮಿಷವೂ ಬೇಡ. ಅದರಿಂದ ಲಾಭ ಬುರ್ಖಾ ತೊಟ್ಟವರಿಗೆ ಮಾತ್ರವಲ್ಲ, ಘಾಟಿಯ ಆ ತಾಯಿಗೂ ಇದೆ.

ಮರಣದ ವಿಷಯವೂ ಹೀಗೆಯೇ. ಮಯ್ಯತ್‌ನ ದಫನನ್ನು ವಿಳಂಬಿಸಬಾರದೆಂಬುದು ನಮ್ಮ ನಂಬಿಕೆ. ಬಿಲ್ಲು ಬಾಕಿಯೆಂದು ಶವವನ್ನು ತಡೆಹಿಡಿಯುವಂತಿಲ್ಲವೆಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ 2017ರ ತಿದ್ದುಪಡಿ ಹೇಳುತ್ತದೆ. ದೂರು ಕೇಳಲು ಜಿಲ್ಲಾ ಮಟ್ಟದ ಪ್ರಾಧಿಕಾರಕ್ಕೂ ಅದು ಅವಕಾಶ ಕಲ್ಪಿಸಿದೆ. ಸೌಲಭ್ಯವುಳ್ಳ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ನಡೆಸಲು ಕೇಂದ್ರ ಸರಕಾರವು 2021ರ ನವೆಂಬರ್‌ನಲ್ಲಿ ಅನುಮತಿಸಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರದಂತಹ ಶಂಕೆಯ ಪ್ರಕರಣಗಳನ್ನು ಸಾಮಾನ್ಯವಾಗಿ ಇದರಿಂದ ಹೊರಗಿಡಲಾಗಿದೆ. ಇವುಗಳನ್ನು ಅರಿತವರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಇನ್ನು, ನಮ್ಮತ್ತ ನಾವೇ ನೋಡಿಕೊಳ್ಳಬೇಕಾದ ಮಾತು. ಲೇಡಿ ಡಾಕ್ಟರ್ ಇಲ್ಲವೆಂದು ಗಂಭೀರ ಸ್ಥಿತಿಯಲ್ಲಿರುವ ಗರ್ಭಿಣಿಯನ್ನು ಊರೂರು ಅಲೆಸುವುದು ಧರ್ಮನಿಷ್ಠೆಯಲ್ಲ. ಅನಿವಾರ್ಯ ಸಂದರ್ಭದಲ್ಲಿ ಪುರುಷ ವೈದ್ಯರ ಚಿಕಿತ್ಸೆಯನ್ನು ಶರೀಅತ್ ಅನುಮತಿಸುತ್ತದೆ. ರೋಗಿಗೆ ಉಪವಾಸವನ್ನು ಮುಂದೂಡುವ ವಿನಾಯಿತಿಯನ್ನು ಸ್ವತಃ ಕುರ್‌ಆನ್ ನೀಡಿರುವಾಗ, ಸಕ್ಕರೆ ಕಾಯಿಲೆಯ ಹಿರಿಯರು ರಮಝಾನ್ ಉಪವಾಸವನ್ನು ವೈದ್ಯರಿಂದ ಮರೆಮಾಚಿ ಇನ್ಸುಲಿನ್ ಬಿಟ್ಟುಬಿಡುವುದು ಯಾವ ನ್ಯಾಯ? ಹತ್ತು ಹದಿನೈದು ಮಂದಿ ಒಟ್ಟಿಗೆ ವಾರ್ಡಿಗೆ ನುಗ್ಗಿ ಇತರ ರೋಗಿಗಳ ನಿದ್ದೆ ಕೆಡಿಸಿದರೆ ಅದು ಇಯಾದತ್ ಆಗುವುದಿಲ್ಲ. ನಮ್ಮ ಗೌರವವನ್ನು ಬಯಸುವ ನಾವು ಅನ್ಯರ ನೆಮ್ಮದಿಯನ್ನೂ ಗೌರವಿಸಬೇಡವೇ?

ಪ್ರವಾದಿವರ್ಯರು(ಸ) ತಮ್ಮ ಸೇವೆಯಲ್ಲಿದ್ದ ಯಹೂದಿ ಬಾಲಕ ಕಾಯಿಲೆ ಬಿದ್ದಾಗ ಅವನ ಮನೆಗೆ ಹೋಗಿ ತಲೆಯ ಬಳಿ ಕುಳಿತರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರ ಶುಶ್ರೂಷೆ ಮಸೀದಿಯಲ್ಲಿದ್ದ ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ ನಡೆಯಿತು. ಈ ಪರಂಪರೆಯ ವಾರಸುದಾರರ ಮನೆಗಳಿಂದ ಎಷ್ಟು ಹೆಣ್ಣುಮಕ್ಕಳನ್ನು ನರ್ಸಿಂಗ್ ಕಲಿಯಲು ಕಳುಹಿಸಿದ್ದೇವೆ? ಮದುವೆಯ ಔತಣಕ್ಕೆ ಸುರಿಯುವ ಹಣದ ಒಂದು ಪಾಲು ಅವರ ಫೀಸಿಗೆ ಸಂದರೆ, ನಾಳೆ ಪರದೆ ಎಳೆಯುವ ಕೈಗಳಿಗೆ ಕೊರತೆ ಇರದು.

ಜಮಾಅತ್ ಕಮಿಟಿಗಳು ತಮ್ಮ ಪಟ್ಟಣದ ಆಸ್ಪತ್ರೆಗಳ ಆಡಳಿತವನ್ನು ಭೇಟಿಯಾಗಿ ಮೂರು ಸಂಗತಿಗಳನ್ನು ವಿನಯದಿಂದ, ಲಿಖಿತವಾಗಿ ಕೇಳಲಿ: ಪ್ರತಿ ಹಾಸಿಗೆಗೆ ಪರದೆ, ಮಹಿಳೆಯರ ತಪಾಸಣೆಯಲ್ಲಿ ಮಹಿಳಾ ಸಿಬ್ಬಂದಿ, ಶವ ಹಸ್ತಾಂತರದಲ್ಲಿ ಅವಿಳಂಬ. ನಿಯೋಗದಲ್ಲಿ ಇತರ ಸಮುದಾಯಗಳ ಮಹಿಳೆಯರೂ ಇರಲಿ. ಘಾಟಿಯ ಆ ತಾಯಿ ಯಾವ ಸನ್ನದನ್ನೂ ಓದಿರಲಿಲ್ಲ. ಆಸ್ಪತ್ರೆ ಒದಗಿಸಬೇಕಾಗಿದ್ದ ಮರೆಯನ್ನು ಅವರ ಹೊದಿಕೆ ಒದಗಿಸಿತು. ಮುಂದಿನ ಸಲ ಯಾರೂ ಹೊದಿಕೆ ಹಿಡಿದು ನಿಲ್ಲಬೇಕಾದ ಪ್ರಮೇಯ ಬರಬಾರದು.