ಸೇವೆಗೆ ಬಂದವರು

ಕೋಲ್ಕತ್ತದ ಬಸ್ಸುಗಳಲ್ಲಿ ಕಾಲೂರಲೂ ಎಡೆಯಿರದು. ಆ ನೂಕುನುಗ್ಗಲಿನಲ್ಲಿ ಸಾಗುವವರ ಕಣ್ಣಿಗೆ ಬೀದಿಯಂಚಿನಲ್ಲಿ ಬಿದ್ದಿರುವ ರೋಗಿ ಬೀಳುವುದು ವಿರಳ. ಅಂಥವರಿಗಾಗಿಯೇ ಮದರ್ ತೆರೇಸಾ 1952ರಲ್ಲಿ ಕಾಳೀಘಾಟದ ದೇವಾಲಯದ ಮಗ್ಗುಲಲ್ಲಿ, ಯಾತ್ರಿಕರ ಹಳೆಯ ಛತ್ರವೊಂದರಲ್ಲಿ, ‘ನಿರ್ಮಲ ಹೃದಯ’ವನ್ನು ತೆರೆದರು. ದೂರದೇಶಗಳಿಂದ ಸೇವೆಗೆಂದು ಬರುವ ತರುಣರಲ್ಲಿ ಹಲವರು ರೋಗಿಯ ಕೈಹಿಡಿದು ಸಂತೈಸುವ ಕನಸು ಹೊತ್ತಿರುತ್ತಾರೆ. ಅವರ ಪಾಲಿಗೆ ಬರುವುದೋ, ಮಲಿನವಾದ ಹೊದಿಕೆಗಳನ್ನು ಒಗೆಯುವ, ಎಂಜಲು ತಟ್ಟೆಗಳನ್ನು ಬೆಳಗುವ ಕೆಲಸ! ಕೆಲವರಿಗೆ ನಿರಾಸೆಯಾಗುವುದುಂಟು, ಆಗಲಿ. ಬಂಗಾಳಿ ಬಾರದವರ ಸಾಂತ್ವನದ ಮಾತಿಗಿಂತ ಒಗೆದು ಒಣಗಿಸಿದ ಹೊದಿಕೆಯೇ ನರಳುವವನಿಗೆ ಹಿತ. ರೋಗಿಯ ಹಿತವೇ ಅಳತೆಗೋಲಾದ ಮೇಲೆ ಸಂಸ್ಥೆಯನ್ನೂ ಅದರಿಂದಲೇ ಅಳೆಯಬೇಕಷ್ಟೆ. ಅಲ್ಲಿ ತೀವ್ರ ನೋವನ್ನು ತಣಿಸುವ ಪ್ರಬಲ ಔಷಧಗಳಿಲ್ಲವೆಂದು 1994ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಲೇಖನವೊಂದು ಎತ್ತಿದ ಆಕ್ಷೇಪ ನ್ಯಾಯವಾದುದೇ ಆಗಿತ್ತು.